ವುಸಾ ಸೋತದ್ದು ಪ್ರೇಕ್ಷಕರಿಲ್ಲದೆ ಅಲ್ಲ

ಮಾನ್ಯ ಸಂಪಾದಕರೇ,

ಮಹಿಳಾ ಫುಟ್‌ಬಾಲ್‌ಗೆ ನೋಡುಗರಿಲ್ಲ ಎಂದು ವಾದಿಸುವವರು ಅಮೆರಿಕದ ವೃತ್ತಿಪರ ಮಹಿಳಾ ಫುಟ್‌ಬಾಲ್ ಲೀಗ್ ‘ವುಸಾ’ ಮೂರೇ ಋತುಗಳಲ್ಲಿ ಮುಚ್ಚಿಹೋದದ್ದನ್ನು ಪುರಾವೆಯಾಗಿ ಮುಂದಿಡುವುದುಂಟು. ಆ ಲೀಗಿನ ಖರ್ಚುವೆಚ್ಚದ ಕಡೆ ಕಣ್ಣು ಹಾಯಿಸಿದರೆ ಈ ವಾದ ನಿಲ್ಲುವುದಿಲ್ಲ.

1999ರ ಜುಲೈ 10ರಂದು ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ ಅಮೆರಿಕ ಮತ್ತು ಚೀನಾ ನಡುವಿನ ಮಹಿಳಾ ವಿಶ್ವಕಪ್ ಫೈನಲ್ ನೋಡಲು 90,185 ಮಂದಿ ಸೇರಿದ್ದರು. ಆ ಹುರುಪಿನಲ್ಲೇ ಡಿಸ್ಕವರಿ ವಾಹಿನಿಯ ಸ್ಥಾಪಕ ಜಾನ್ ಹೆಂಡ್ರಿಕ್ಸ್ ಅವರು ಕೇಬಲ್ ಉದ್ಯಮದ ಬಂಡವಾಳ ಕೂಡಿಸಿ, ವಿಶ್ವಕಪ್ ಗೆದ್ದ ಆಟಗಾರ್ತಿಯರಿಗೂ ಪಾಲು ಕೊಟ್ಟು, ಎಂಟು ತಂಡಗಳ ಲೀಗ್ ಕಟ್ಟಿದರು. 2001ರ ಏಪ್ರಿಲ್ 14ರಂದು ವಾಷಿಂಗ್ಟನ್ನಿನಲ್ಲಿ ನಡೆದ ಮೊದಲ ಪಂದ್ಯಕ್ಕೆ 34,148 ಪ್ರೇಕ್ಷಕರು ಬಂದರು. ಅಂದು ಮಿಯಾ ಹ್ಯಾಮ್ ಅವರನ್ನು ಬ್ರ್ಯಾಂಡಿ ಚಾಸ್ಟೇನ್ ಕೆಡವಿದ್ದರಿಂದ ಪೆನಾಲ್ಟಿ ಸಿಕ್ಕಿತು. ಬ್ರೆಜಿಲ್‌ನ ಪ್ರೆಟಿನ್ಯಾ ಅದನ್ನು ಪಂದ್ಯದ ಏಕೈಕ ಗೋಲಾಗಿಸಿದರು. ವಿಶ್ವಕಪ್ಪನ್ನು ಜೊತೆಯಾಗಿ ಗೆದ್ದ ಇಬ್ಬರು ಹೀಗೆ ಎದುರುಬದುರಾಗಿ ಜಿದ್ದಿನಿಂದ ಆಡಿದ್ದೇ ಆ ಲೀಗಿನ ಗಂಭೀರತೆಗೆ ಸಾಕ್ಷಿ. ಚೀನಾದ ಸುನ್ ವೆನ್, ಜರ್ಮನಿಯ ಬಿರ್ಗಿಟ್ ಪ್ರಿನ್ಸ್, ಜಪಾನಿನ ಹೊಮಾರೆ ಸಾವಾ ಅವರಂಥವರೂ ಅಲ್ಲಿ ಆಡಿದರು.

ಎಡವಟ್ಟಾದದ್ದು ಹಣದ ವಿಷಯದಲ್ಲಿ. ಐದು ವರ್ಷಕ್ಕೆಂದು ಎತ್ತಿಟ್ಟಿದ್ದ ಸುಮಾರು 4 ಕೋಟಿ ಡಾಲರ್ ಮೊದಲ ವರ್ಷದಲ್ಲೇ ಕರಗಿತು. ನೆಚ್ಚಿಕೊಂಡಷ್ಟು ಪ್ರಾಯೋಜಕರು ಬರಲಿಲ್ಲ; ಪ್ರಸಾರ ಟಿಎನ್‌ಟಿಯಿಂದ ಪ್ಯಾಕ್ಸ್ ವಾಹಿನಿಗೆ ಹೋದ ಮೇಲೆ ಟಿವಿ ವೀಕ್ಷಕರೂ ಕಡಿಮೆಯಾದರು. ಕ್ರೀಡಾಂಗಣಕ್ಕೆ ಬರುವವರ ಸರಾಸರಿ ಸಂಖ್ಯೆ ಮೊದಲ ವರ್ಷದ ಎಂಟು ಸಾವಿರದ ಆಸುಪಾಸಿನಿಂದ ಇಳಿಯಿತು, ನಿಜ. ಆದರೆ ಕೊನೆಯ ವರ್ಷದಲ್ಲೂ ಅದು ಆರು ಸಾವಿರದ ಮೇಲೆಯೇ ಇತ್ತು. ಹೊಸ ಲೀಗೊಂದಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಅಷ್ಟು ಮಂದಿಯನ್ನು ನಂಬಿ ನಡೆಯಬಲ್ಲ ಲೀಗನ್ನು ಕಟ್ಟುವ ಬದಲು, ವಿಶ್ವಕಪ್ ಫೈನಲ್ಲಿನ ಜನಸಾಗರವನ್ನೇ ಅಳತೆಗೋಲಾಗಿ ಇಟ್ಟುಕೊಂಡದ್ದು ಆಡಳಿತದ ತಪ್ಪು. ಅದರ ಬೆಲೆ ತೆತ್ತವರು ಮಾತ್ರ ಆಟಗಾರ್ತಿಯರು. ಲೀಗ್ ಉಳಿಯಲೆಂದು 2003ರಲ್ಲಿ ಅವರು ಸಂಬಳ ಕಡಿತಕ್ಕೂ ಒಪ್ಪಿದ್ದರು. ಆದರೂ ಸೆಪ್ಟೆಂಬರ್ 15ರಂದು, ತಮ್ಮದೇ ನೆಲದಲ್ಲಿ ವಿಶ್ವಕಪ್ ಶುರುವಾಗಲು ಐದು ದಿನವಿರುವಾಗ, ಲೀಗಿಗೆ ಬೀಗ ಬಿತ್ತು.

2013ರಲ್ಲಿ ಅದೇ ದೇಶದಲ್ಲಿ, ಮತ್ತೆ ಎಂಟೇ ತಂಡಗಳೊಂದಿಗೆ ಎನ್‌ಡಬ್ಲ್ಯುಎಸ್‌ಎಲ್ ಎಂಬ ಮಹಿಳಾ ಲೀಗ್ ಆರಂಭವಾಯಿತು. ಈ ಬಾರಿ ಖರ್ಚಿಗೆ ಮೊದಲೇ ಕಡಿವಾಣ ಹಾಕಲಾಗಿತ್ತು, ರಾಷ್ಟ್ರೀಯ ತಂಡದ ಆಟಗಾರ್ತಿಯರ ಸಂಬಳವನ್ನು ಫುಟ್‌ಬಾಲ್ ಒಕ್ಕೂಟಗಳೇ ಹೊತ್ತುಕೊಂಡಿದ್ದವು. ಆ ಲೀಗ್ ಹತ್ತು ವರ್ಷ ದಾಟಿಯೂ ನಡೆಯುತ್ತಿದೆ.

ಇಂತಿ,
ಫುಟ್‌ಬಾಲ್ ಆಸಕ್ತ ಓದುಗ