ಸೆನ್ಸರ್ ಬದಲಿಸುವ ಮುನ್ನ ವೈರು ನೋಡಿ

ಮಾನ್ಯ ಸಂಪಾದಕರೇ,

ಚೆಕ್ ಇಂಜಿನ್ ದೀಪ ಹತ್ತಿತು, ಸ್ಕ್ಯಾನರ್ ಹಚ್ಚಿದರು, ‘ಆಯಿಲ್ ಟೆಂಪರೇಚರ್ ಸೆನ್ಸರ್’ (ಇಂಜಿನ್ ಆಯಿಲಿನ ಬಿಸಿ ಅಳೆಯುವ ಸೆನ್ಸರ್) ಎಂದು ಬಂತು, ಹೊಸ ಸೆನ್ಸರ್ ಹಾಕಿ ಬಿಲ್ ಕೊಟ್ಟರು. ವಾರದೊಳಗೆ ದೀಪ ಮತ್ತೆ ಹಾಜರು. ಹೀಗಾಗಿ ಎರಡು ಸಲ ದುಡ್ಡು ಕೊಟ್ಟ ವಾಹನ ಮಾಲೀಕರು ಕಡಿಮೆಯಿಲ್ಲ. ಈ ಸೆನ್ಸರಿಗಾಗಿ ಸ್ಕ್ಯಾನರ್ ತೋರಿಸುವ ಪಿ0195ರಿಂದ ಪಿ0199ರವರೆಗಿನ ದೋಷದ ಕೋಡುಗಳು ಸೆನ್ಸರ್ ಕೆಟ್ಟಿದೆ ಎಂದು ಎಲ್ಲಿಯೂ ಹೇಳುವುದಿಲ್ಲ. ಆ ಸರ್ಕ್ಯೂಟಿನಲ್ಲಿ ಎಲ್ಲೋ ತೊಂದರೆಯಿದೆ ಎನ್ನುತ್ತವೆ, ಅಷ್ಟೆ. ಸರ್ಕ್ಯೂಟ್ ಎಂದರೆ ಸೆನ್ಸರ್, ಎರಡು ವೈರು (ಸಿಗ್ನಲ್ ಮತ್ತು ಗ್ರೌಂಡ್), ಎರಡೂ ತುದಿಯ ಪಿನ್ನುಗಳು, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲ ಸೇರಿತು. ಬಿಚ್ಚಿ ಬದಲಿಸಲು ಸುಲಭವಾದದ್ದು ಸೆನ್ಸರ್, ಹಾಗಾಗಿ ತಪ್ಪೆಲ್ಲ ಅದರ ತಲೆಗೆ.

ಇಸಿಯು ತನ್ನೊಳಗಿನ ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಆಯಿಲ್ ಬಿಸಿಯಾದಂತೆ ಸೆನ್ಸರಿನೊಳಗಿನ ಥರ್ಮಿಸ್ಟರಿನ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ, ಸಿಗ್ನಲ್ ವೈರಿನ ವೋಲ್ಟೇಜೂ ಇಳಿಯುತ್ತದೆ. ವೈರು ತುಂಡಾದರೆ 5 ವೋಲ್ಟ್ ಹಾಗೇ ನಿಂತು ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ ಕಾಣುತ್ತದೆ, ಪಿ0198 ಬೀಳುತ್ತದೆ. ಬೀದರಿನ ಡಿಸೆಂಬರ್ ಚಳಿಗೂ ಆಯಿಲ್ ಅಷ್ಟು ತಣ್ಣಗಾಗದು! ಸಿಗ್ನಲ್ ವೈರು ಸವೆದು ಇಂಜಿನ್ನಿಗೆ ತಗುಲಿದರೆ ವೋಲ್ಟೇಜ್ ಸೊನ್ನೆ, ಆಗ ಸಾಮಾನ್ಯವಾಗಿ 150 ಡಿಗ್ರಿ ದಾಟಿ ತೋರಿಸಿ ಪಿ0197 ಬರುತ್ತದೆ. ಲಾರಿ, ಬಸ್ಸುಗಳಲ್ಲಿ ಇದೇ ದೂರು ಎಸ್‌ಪಿಎನ್ 175 ಎಂಬ ಹೆಸರಿನಲ್ಲಿ ಬರುತ್ತದೆ. ಜೊತೆಗೆ ಬರುವ ಎಫ್‌ಎಂಐ ಸಂಖ್ಯೆ ದೋಷದ ಬಗೆ ಹೇಳುತ್ತದೆ: 3 ಎಂದರೆ ವೋಲ್ಟೇಜ್ ಹೆಚ್ಚು, 4 ಎಂದರೆ ಕಡಿಮೆ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಇಗ್ನಿಷನ್ ಮಾತ್ರ ಆನ್ ಮಾಡಿ ಆಯಿಲ್, ಕೂಲೆಂಟ್, ಒಳಬರುವ ಗಾಳಿ ಮೂರರ ಉಷ್ಣಾಂಶ ನೋಡಬೇಕು. ಐದಾರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು. ಬಳಿಕ ಸೆನ್ಸರಿನ ಕನೆಕ್ಟರ್ ಬಿಚ್ಚಬೇಕು. ಸ್ಕ್ಯಾನರ್ ಮೈನಸ್ 40ಕ್ಕೆ ಹೋಗದಿದ್ದರೆ ಸಿಗ್ನಲ್ ವೈರು ಎಲ್ಲೋ ಇಂಜಿನ್ನಿಗೋ ಬಾಡಿಗೋ ತಗುಲಿ ಅರ್ತ್ ಆಗಿದೆ. ಹೋದರೆ, ಕನೆಕ್ಟರಿನ ಎರಡು ಪಿನ್ನುಗಳನ್ನು 3 ಆಂಪಿಯರ್ ಫ್ಯೂಸ್ ಇರುವ ವೈರಿನಿಂದ ಕೂಡಿಸಬೇಕು. ರೀಡಿಂಗ್ ಮೇಲಿನ ತುದಿಗೆ ಹಾರಿದರೆ ವೈರಿಂಗೂ ಇಸಿಯುವೂ ಸರಿ. ಇನ್ನುಳಿದ ಅನುಮಾನ ಸೆನ್ಸರ್ ಮತ್ತು ಅದರ ಪಿನ್ನುಗಳ ಮೇಲೆ. ಹಾರದಿದ್ದರೆ ಸಿಗ್ನಲ್ ಪಿನ್ನನ್ನು ಅದೇ ಫ್ಯೂಸ್ ವೈರಿನಿಂದ ನೇರ ಇಂಜಿನ್ನಿಗೆ ಮುಟ್ಟಿಸಿ: ಈಗ ಹಾರಿತೆಂದರೆ ತುಂಡಾಗಿರುವುದು ಸೆನ್ಸರಿನ ಗ್ರೌಂಡ್ (ಅರ್ತ್) ವೈರು. ಬಲ್ಬಿನ ಟೆಸ್ಟ್ ಲ್ಯಾಂಪ್ ಇಲ್ಲಿ ಬೇಡ, ಡಿಜಿಟಲ್ ಮಲ್ಟಿಮೀಟರ್ ಮಾತ್ರ. ಸಿಗ್ನಲ್ ವೈರಿಗೆ 12 ವೋಲ್ಟ್ ತಾಗಿದರೆ ಇಸಿಯು ಸುಟ್ಟೀತು. ಆಯಿಲ್ ಮಟ್ಟ ಮತ್ತು ಉಷ್ಣಾಂಶ ಎರಡನ್ನೂ ಅಳೆಯುವ, ಆಯಿಲ್ ಚೇಂಬರಿನ ತಳದಲ್ಲಿ ಕೂರುವ ಮೂರು ವೈರಿನ ಸೆನ್ಸರುಗಳಿಗೆ ಈ ಕೂಡಿಸುವ ಪರೀಕ್ಷೆ ಹೊಂದದು, ಅವು ಪಲ್ಸ್ ರೂಪದ ಸಿಗ್ನಲ್ ಕೊಡುತ್ತವೆ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಬಳಕೆಯಲ್ಲಿರುವ ಒಂದು ಬಗೆಯ ಥರ್ಮಿಸ್ಟರಿನ ರೋಧ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80ರಲ್ಲಿ 320, 100ರಲ್ಲಿ 186. ನೀರು ಹೊಕ್ಕು ಹಸಿರುಗಟ್ಟಿದ ಪಿನ್ 100 ಓಮ್ ಹೆಚ್ಚುವರಿ ರೋಧ ಸೇರಿಸಿತು ಎನ್ನಿ. ತಣ್ಣಗಿರುವಾಗ 2500ರ ಜಾಗದಲ್ಲಿ 2600, ಅಂದರೆ ಒಂದು ಡಿಗ್ರಿಯಷ್ಟೇ ತಪ್ಪು, ಯಾರ ಕಣ್ಣಿಗೂ ಬೀಳದು. ಬಿಸಿಯಾದಾಗ 186ರ ಜಾಗದಲ್ಲಿ 286 ಆಗುತ್ತದೆ. ಆಯಿಲ್ 100 ಡಿಗ್ರಿ ಇದ್ದರೂ ಇಸಿಯುಗೆ ಕಾಣುವುದು 85ರ ಆಸುಪಾಸು, ಅತಿ ಬಿಸಿಯ ಎಚ್ಚರಿಕೆ ಬರಬೇಕಾದ ಹೊತ್ತಿಗೆ ಬರುವುದೇ ಇಲ್ಲ. ಮುಂಜಾನೆ ಗ್ಯಾರೇಜಿನಲ್ಲಿ ಎಲ್ಲ ಸರಿ, ಶಿರಾಡಿ ಘಾಟ್ ಹತ್ತುವಾಗ ಮಾತ್ರ ತಕರಾರು ಎನ್ನುವ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಪಿನ್ನುಗಳನ್ನೇ. ಬಿಸಿ ಇಂಜಿನ್ನಿನಲ್ಲಿ ವೈರನ್ನು ಅಲುಗಾಡಿಸುತ್ತ ರೀಡಿಂಗ್ ಗಮನಿಸಿದರೆ ಸಡಿಲ ಪಿನ್ ತಾನಾಗಿ ಸಿಕ್ಕಿಬೀಳುತ್ತದೆ. ವಾಟರ್ ಸರ್ವಿಸ್ ಮಾಡುವಾಗ ಜೋರು ನೀರನ್ನು ಕನೆಕ್ಟರಿಗೇ ಹಿಡಿಯುವುದು, ಇಲಿ ಕಡಿಯುವುದು, ಸೆನ್ಸರ್ ಸೋರಿ ಆಯಿಲ್ ವೈರಿನ ಎಳೆಗಳುದ್ದಕ್ಕೂ ಹರಿಯುವುದು ಇದಕ್ಕೆ ಸಾಮಾನ್ಯ ಕಾರಣಗಳು.

ದುರಸ್ತಿಯಲ್ಲಿ ಕಪ್ಪುಗಟ್ಟಿದ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಅದೇ ದಪ್ಪದ ವೈರು ಸೇರಿಸಿ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಒತ್ತಿ), ಒಳಮೈಗೆ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಬೇಕು. ಬರೀ ಬೆಸುಗೆ ಹಾಕಿದರೆ ತಂತಿ ಆ ಜಾಗದಲ್ಲಿ ಬಿರುಸಾಗಿ, ಇಂಜಿನ್ ನಡುಕಕ್ಕೆ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಎರಡು ಜೋಡಣೆಗಳು ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಇರಲಿ. ಸುಮ್ಮನೆ ತಿರುಚಿ ಕಪ್ಪು ಟೇಪ್ ಸುತ್ತುವುದು ಮುಂದಿನ ಮಳೆಯವರೆಗಿನ ಮಾತು. ಸೆನ್ಸರೇ ಕೆಟ್ಟಿದ್ದರೆ ಇಂಜಿನ್ ಆರಿದ ಮೇಲೆ ತೆಗೆದು, ಹೊಸ ವಾಷರ್ ಅಥವಾ ಓ-ರಿಂಗ್ ಹಾಕಿ. ಇಂಜಿನ್ ಬಾಡಿಯಿಂದಲೇ ಅರ್ತ್ ಪಡೆಯುವ ಒಂದೇ ವೈರಿನ ಸೆನ್ಸರಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಅರ್ತೇ ಕಡಿದುಹೋದೀತು. ಕೋಡ್ ಅಳಿಸಿ, ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ ಮತ್ತೆ ಸ್ಕ್ಯಾನ್ ಮಾಡದೆ ಗಾಡಿ ಒಪ್ಪಿಸಬಾರದು.

ಇಷ್ಟಕ್ಕೆಲ್ಲ ಆಯಾ ಮಾದರಿಯ ರೋಧದ ಪಟ್ಟಿ ಕೈಯಲ್ಲಿರಬೇಕು, ಸಣ್ಣ ಗ್ಯಾರೇಜುಗಳಿಗೆ ಸಿಗದಿರುವುದು ಅದೇ. ಬಿಡಿಭಾಗ ಮತ್ತು ದುರಸ್ತಿ ಮಾಹಿತಿಯನ್ನು ಹೊರಗಿನವರಿಗೆ ಬಿಟ್ಟುಕೊಡದ 14 ಕಾರು ಕಂಪನಿಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲೇ ದಂಡ ವಿಧಿಸಿತ್ತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ (ದುರಸ್ತಿಯ ಹಕ್ಕು) ಪೋರ್ಟಲ್ ತೆರೆಯಿತು, ವಾಹನ ಕ್ಷೇತ್ರವೂ ಅದರಲ್ಲಿದೆ. ಮಾರಾಟದಲ್ಲಿರುವ ಪ್ರತಿ ಮಾದರಿಗೂ ಪಿನ್ ಸಂಖ್ಯೆ, ವೈರಿನ ಬಣ್ಣ ಮತ್ತು ಉಷ್ಣಾಂಶವಾರು ರೋಧದ ಪಟ್ಟಿಯನ್ನು ಕಂಪನಿಗಳು ಅಲ್ಲಿ ಉಚಿತವಾಗಿ ಹಾಕುವಂತೆ ಇಲಾಖೆ ಕಡ್ಡಾಯ ಮಾಡಬೇಕು. ಸೆನ್ಸರ್ ಬದಲಿಸಿದ ಬಿಲ್ಲಿನಲ್ಲಿ ಹಳೆಯ ಸೆನ್ಸರಿನ ಓಮ್ ರೀಡಿಂಗ್ ಬರೆದುಕೊಡುವಂತೆ ಗ್ರಾಹಕರು ಇಂದಿನಿಂದಲೇ ಕೇಳಬಹುದು.

– ಆಟೊ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ