ಪಿಚರ್ ಟ್ರೇಡ್ ಸುದ್ದಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಸೀಸನ್ ಮುಗಿಯಿತು, ಗುಂಪಿನಲ್ಲಿ ಸ್ಟಾರ್ಟಿಂಗ್ ಪಿಚರ್‌ಗಳ (ಪಂದ್ಯದ ಶುರುವಿನಿಂದ ಚೆಂಡು ಎಸೆಯುವವರ) ಟ್ರೇಡ್, ಅಂದರೆ ತಂಡಗಳ ನಡುವಿನ ಆಟಗಾರರ ವಿನಿಮಯದ ಗಾಳಿಸುದ್ದಿ ಶುರುವಾಯಿತು! ಇನ್ನು ಮುಂದೆ ಹೆಸರಿನ ಜೊತೆಗೆ, ಫ್ರೀ ಏಜೆಂಟ್ ಆಗಲು (ಈಗಿನ ತಂಡ ಬಿಟ್ಟು ಇಷ್ಟವಾದ ತಂಡ ಸೇರಲು) ಆ ಪಿಚರ್‌ಗೆ ಎಷ್ಟು ಸೀಸನ್ ಬಾಕಿ ಅಂತಲೂ ಬರೆಯಿರಿ. ಟ್ರೇಡ್‌ನಲ್ಲಿ ಅವರ ಬೆಲೆ ನಿಂತಿರುವುದು ಜಾಸ್ತಿ ಅದರ ಮೇಲೆಯೇ.

2024ರ ಡಿಸೆಂಬರ್‌ನಲ್ಲಿ ಪಿಚರ್ ಗ್ಯಾರೆಟ್ ಕ್ರೋಶೆಗಾಗಿ ರೆಡ್ ಸಾಕ್ಸ್ ತಂಡ ನಾಲ್ವರು ಎಳೆಯ ಆಟಗಾರರನ್ನು ವೈಟ್ ಸಾಕ್ಸ್ ತಂಡಕ್ಕೆ ಕೊಟ್ಟಿತು. ಕ್ರೋಶೆಗೆ 2 ಸೀಸನ್ ಬಾಕಿ ಇತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಪಿಚರ್ ಕಾರ್ಬಿನ್ ಬರ್ನ್ಸ್ ಮಿಲ್ವಾಕಿಯಿಂದ ಬಾಲ್ಟಿಮೋರ್‌ಗೆ ಬಂದರು. 2021ರ ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್ ಪ್ರಶಸ್ತಿ) ವಿಜೇತರು, ಆದರೂ ಬಾಲ್ಟಿಮೋರ್ ಕೊಟ್ಟಿದ್ದು ಇಬ್ಬರು ಆಟಗಾರರು, ಒಂದು ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಅಷ್ಟೇ. ಬಾಕಿ ಇದ್ದಿದ್ದು ಒಂದೇ ಸೀಸನ್. ಆಡಿ ಮುಗಿಸಿ ಅರಿಜೋನಾಗೆ ಹೊರಟೇ ಹೋದರು!

ಸುಮ್ನೆ "ಇವರನ್ನು ತಗೊಳ್ಳಿ" ಅಂದರೆ ಸಾಲದು. ಬದಲಿಗೆ ಯಾರನ್ನು ಕೊಡಬೇಕು, ಅದನ್ನೂ ಹೇಳಿ.