ಆ ರಾತ್ರಿ ಫೋನ್ ಎತ್ತಿದ ನಿಮಗೆ

"ನಿನ್ನನ್ನು ಮುಗಿಸ್ತೀವಿ" ಎಂಬ ಮೆಸೇಜ್ ಮೂರನೇ ಸಲ ಬಂದಾಗ ನನ್ನ ಹೆಬ್ಬೆರಳು ಡಿಲೀಟ್ ಮೇಲೇ ಇತ್ತು. ಸಹಾಯವಾಣಿಯಲ್ಲಿ ಸಿಕ್ಕ ನೀವು, "ಅಳಿಸಬೇಡಿ, ಉತ್ತರವನ್ನೂ ಕೊಡಬೇಡಿ" ಎಂದಿರಿ. ಬ್ಲಾಕ್ ಮಾಡುವ ಮೊದಲು ನಂಬರ್, ತಾರೀಖು, ಸಮಯ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಸಿದಿರಿ. ಕೈ ನಡುಗಿ ಎರಡು ಸಲ ಬೇರೇನೋ ಒತ್ತಿದೆ; ನೀವು ಸುಮ್ಮನೆ ಕಾದಿರಿ. ಲೊಕೇಶನ್ ಆಫ್ ಮಾಡಿಸಿದಿರಿ, ದಿನಾ ಒಂದೇ ದಾರಿ ಹಿಡಿಯಬೇಡಿ ಎಂದಿರಿ.

ಆ ರಾತ್ರಿ ಗೆಳತಿಯ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಪೊಲೀಸರಿಗೆ ದೂರು ಕೊಟ್ಟಾಗ ಆ ಸ್ಕ್ರೀನ್‌ಶಾಟ್‌ಗಳೇ ಕೆಲಸಕ್ಕೆ ಬಂದವು.

"ಸುಮ್ನೆ ಹೆದರಿಸೋಕೆ ಕಳಿಸಿರ್ತಾರೆ, ಬಿಡು" ಎಂದವರೇ ಜಾಸ್ತಿ. ಹೇಳುವುದು ಸುಲಭ, ಅಲ್ವಾ? ನೀವು ಹಾಗೆ ಹೇಳಲಿಲ್ಲ. ಗಾಬರಿಯಲ್ಲಿ ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ತುಂಬಾ ಥ್ಯಾಂಕ್ಸ್.